ದಾರಿ ಬಿಟ್ಟುಕೊಟ್ಟ ಗಾಡಿ

ಪಕ್ಕದ ಹಳಿಯಲ್ಲಿ ನಿಂತಿದ್ದ ಗಾಡಿಯ ಜನರೆಲ್ಲ ಟೋಪಿ ತೆಗೆದು ತಲೆ ಬಾಗಿಸಿದ್ದನ್ನು ಕಂಡು ಆಲ್ಡನ್ ಕ್ರೋವೆಲ್ ತನ್ನ ಖಾಸಗಿ ಬೋಗಿಯ ಕಿಟಕಿಯಿಂದ ಮುಗುಳ್ನಗುತ್ತ ಕೈಬೀಸಿದ. ಅತ್ತ ಯಾರೂ ನಗಲಿಲ್ಲ. ಪೆನ್ಸಿಲ್ವೇನಿಯಾದ ಈ ಗುಡ್ಡಗಳ ನಡುವೆ ಹಳಿ ಹಾಸಿಸಿದ್ದು ಅವನ ತಾತ; ಯಜಮಾನರ ಗಾಡಿ ಬಂತೆಂದರೆ ಮಿಕ್ಕವು ಬದಿಗೆ ಸರಿದು ನಿಲ್ಲುವುದು ಅಂದಿನಿಂದ ನಡೆದುಬಂದ ಪದ್ಧತಿ.

ಇವತ್ತು ಅವಸರವೂ ಇತ್ತು. ಹಳೆಯ ಎಂಜಿನ್ ಡ್ರೈವರ್ ಮಾಲಕೈ ಡೂಲನ್ ಪಟ್ಟಣದ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದ. ಮಣ್ಣು ಅವನ ಊರಿನಲ್ಲಿ. ಚಿಕ್ಕಂದಿನಲ್ಲಿ ತಾಯಿಯಿಲ್ಲದ ಆಲ್ಡನ್‌ನನ್ನು ಎಂಜಿನ್ನಿಗೆ ಹತ್ತಿಸಿಕೊಂಡು, ಸೀಟಿಯ ಹಗ್ಗ ಕೈಗಿತ್ತು, ತನ್ನ ಬುತ್ತಿಯ ಆಲೂಗಡ್ಡೆ ಹಂಚಿಕೊಂಡು ತಿಂದವನು ಅವನು. ಅವನಿಗೆ ಹೆಗಲು ಕೊಡದಿದ್ದರೆ ದೇವರು ಮೆಚ್ಚುವುದಿಲ್ಲವೆಂದು, ಹಳಿ ಖಾಲಿ ಮಾಡಿಸಿ ಎಂದು ಆಲ್ಡನ್ ತಾನೇ ತಂತಿ ಕಳಿಸಿದ್ದ.

ಸ್ಟೇಷನ್ನಿನಲ್ಲಿ ಊರವರೊಡನೆ ಪಾದ್ರಿ ಕಿಯೋ ನಿಂತಿದ್ದರು.

"ತಡವಾಯ್ತಾ ಫಾದರ್? ಮಣ್ಣು ಮುಗಿದೇ ಹೋಯ್ತಾ?"

"ಮಾಲಕೈನ ಪೆಟ್ಟಿಗೆನೇ ಬಂದಿಲ್ವಲ್ಲಪ್ಪ."

"ಎಲ್ಲಿದೆ ಮತ್ತೆ?"

ಪಾದ್ರಿ ಸ್ಟೇಷನ್ ಮಾಸ್ತರನ ಮುಖ ನೋಡಿದರು. ಮಾಸ್ತರ ತನ್ನ ಬೂಟು ನೋಡಿಕೊಂಡ. "ಪಕ್ಕದ ಹಳೀಲಿ ನಿಲ್ಸಿದಾರೆ, ಧಣೀ. ತಮ್ಮ ಗಾಡಿ ಮೊದ್ಲು ಹೋಗ್ಲಿ ಅಂತ."

ಆ ಟೋಪಿಗಳನ್ನು ತೆಗೆದದ್ದು ಮಾಲಕೈಗೆ! ಆಲ್ಡನ್‌ನ ಕಿವಿ ಸುಟ್ಟುಹೋದಂತಾಯಿತು. ಬೀಸಿದ ಕೈಯನ್ನು ಕೋಟಿನ ಜೇಬಿಗೆ ತುರುಕಿಕೊಂಡ. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಮತ್ತೆ ತೆಗೆದ.

ಕೊನೆಗೂ ಗಾಡಿ ಬಂತು. ಪ್ಲಾಟ್‌ಫಾರಂ ತುಂಬ ಅವನದೇ ಮೆರುಗಿನ ಬೋಗಿಗಳು; ಅದು ಆಚೆಯೇ ನಿಲ್ಲಬೇಕಾಯಿತು. ಮಾಲಕೈಯ ಹೆಂಡತಿ, ಮುದುಕಿ ಹನೋರಾ, ಲಂಗ ಎತ್ತಿಹಿಡಿದು ಜಲ್ಲಿಗೆ ಇಳಿದಳು. ಆಲ್ಡನ್ ಓಡಿದ.

"ಅಮ್ಮಾ, ನಂಗೆ ಗೊತ್ತಿರ್ಲಿಲ್ಲ..."

"ನಿಂಗೆಲ್ಲಿ ಗೊತ್ತಾಗ್ಬೇಕು ಮಗಾ. ಕೈಬೀಸಿದ್ಯಲ್ಲ, ನೋಡ್ದೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಜೀವಮಾನವೆಲ್ಲ ನಿಮ್ಮನೆ ಗಾಡಿಗೆ ದಾರಿ ಬಿಟ್ಟವ್ರು. ಇವತ್ತೊಂದಿನ ಬಿಡಲ್ಲ ಅಂತಾರಾ?"

ಬೈದಿದ್ದರೆ ಚೆನ್ನಾಗಿತ್ತು. ಅವನು ಜಲ್ಲಿ ತುಳಿಯುತ್ತ ಪೆಟ್ಟಿಗೆಯ ಬಳಿ ಹೋದ. ಎಂಜಿನ್ನಿಗೆ ಕಲ್ಲಿದ್ದಲು ಹಾಕುವ ಆಳು ಕಾಲಹನ್ ಕಣ್ಣೆತ್ತಿಯೂ ನೋಡಲಿಲ್ಲ.

"ಕೋಟು ಕೊಳೆಯಾಗ್ತದೆ, ಧಣೀ."

"ಆಗ್ಲಿ. ಒಂಚೂರು ಜಾಗ ಕೊಡು."

ಕಾಲಹನ್ ಹನೋರಾಳತ್ತ ನೋಡಿದ. ಅವಳು ತಲೆಯಾಡಿಸಿದ ಮೇಲೆ ಸರಿದ.

ಆಲ್ಡನ್ ಎಲ್ಲರಿಗಿಂತ ಎತ್ತರ. ಅವನು ಹೆಗಲು ಕೊಟ್ಟಿದ್ದೇ ಪೆಟ್ಟಿಗೆ ಒಂದು ಪಕ್ಕಕ್ಕೆ ವಾಲಿತು.

"ಬಗ್ಗಿ!" ಹಿಂದಿನಿಂದ ಯಾರೋ ಗದರಿದರು. "ಬಗ್ಗಿ ನಡೀರಿ!"

ಆಲ್ಡನ್ ಮಂಡಿ ಬಗ್ಗಿಸಿದ. ಪೆಟ್ಟಿಗೆ ಸಮವಾಯಿತು. ಇಗರ್ಜಿಯ ಏರು ಮುಗಿಯುವ ತನಕ ಅವನು ಹಾಗೆಯೇ ನಡೆದ.