ಬಿ ಸೈಡಿನ ಹಾಡು

ಪೆನ್ಸಿಲನ್ನು ಕ್ಯಾಸೆಟ್ಟಿನ ಹಲ್ಲಿಗೆ ಸಿಕ್ಕಿಸಿ ಅವಳು ತಿರುಗಿಸುತ್ತಿದ್ದಳು. ಸಡಿಲವಾಗಿದ್ದ ಟೇಪು ಒಳಗೆ ಸುತ್ತಿಕೊಳ್ಳುತ್ತಿತ್ತು. ನಾನು ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತಿದ್ದೆ. ಬಲಗಾಲು ಜೋಮು ಹಿಡಿದಿತ್ತು. ಬದಲಿಸಬೇಕು ಅನ್ನಿಸಿತು. ಬದಲಿಸಲಿಲ್ಲ.

"ಇದು ನಿಮ್ಮದು. ಇದೂ ನಿಮ್ಮದು. ಇದು ಇಬ್ಬರದು."

ಎರಡು ತಿಂಗಳಿಂದ ಅಕ್ಕನ ಮನೆಯಲ್ಲಿದ್ದ ನನ್ನ ಹೆಂಡತಿ ಸಾಮಾನು ಒಯ್ಯಲು ಬಂದಿದ್ದಳು. ಜೊತೆಗೆ ಅವಳ ಭಾವ, ಅಂದರೆ ನನ್ನ ಷಡ್ಡಕ. ಬೇಕರಿಯ ವ್ಯಾನ್ ಓಡಿಸುತ್ತಾನೆ. ಬಾಗಿಲಿಗೆ ಒರಗಿ ನಿಂತಿದ್ದ.

"ಬೇಗ ಹಂಚ್ಕೊಳ್ರಪ್ಪಾ. ಅಣ್ಣತಮ್ಮಂದಿರು ಜಮೀನು ಪಾಲು ಮಾಡೋ ಹಾಗೆ ಕೂತ್ಬಿಟ್ರಲ್ಲ! ಸಂಜೆಯೊಳಗೆ ವ್ಯಾನ್ ವಾಪಸ್ ಕೊಡ್ಬೇಕು."

ಯಾರೂ ನಗಲಿಲ್ಲ.

ಜಗಳವೇನೂ ಆಗಿರಲಿಲ್ಲ. "ನಿಮಗೆ ಹೇಳೋದೂ ಒಂದೇ, ಗೋಡೆಗೆ ಹೇಳೋದೂ ಒಂದೇ" ಅಂದು ಬಟ್ಟೆ ಮಡಚಿಕೊಂಡು ಹೋಗಿದ್ದಳು. ನಾನು ಹೆಡ್‌ಫೋನ್ ಹಾಕಿಕೊಂಡಿದ್ದರಿಂದ ಅದನ್ನೂ ಎರಡು ಸಲ ಹೇಳಬೇಕಾಯಿತು.

ನಮ್ಮ ಮನೆಗೆ ಖಾಲಿ ಕ್ಯಾಸೆಟ್ ಬಂದರೆ ಎ ಸೈಡ್ ನನಗೆ, ಬಿ ಸೈಡ್ ಅವಳಿಗೆ. ರೇಡಿಯೊ ಮುಂದೆ ಮೈಕ್ ಇಟ್ಟು ರೆಕಾರ್ಡ್ ಮಾಡುತ್ತಿದ್ದೆವು. ಸದ್ದು ಬರಬಾರದೆಂದು ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಬೆವರುತ್ತ, ಉಸಿರು ಬಿಗಿಹಿಡಿದು ಕೂರುವುದು. ಅವಳಪ್ಪ ದರ್ಜಿ. ಬಟ್ಟೆ ಕತ್ತರಿಸುವಾಗ ಒಂದು ಹಾಡು ಗುನುಗುತ್ತಿದ್ದರಂತೆ. ಆ ಹಾಡಿಗಾಗಿ ಅವಳು ರೇಡಿಯೊದವರಿಗೆ ಹನ್ನೊಂದು ಕಾರ್ಡು ಬರೆದಳು. ಬರೆಯತೊಡಗಿದ ಐದನೇ ತಿಂಗಳಲ್ಲಿ, ಒಂದು ಭಾನುವಾರ ಮಧ್ಯಾಹ್ನ ಹಾಕಿದರು. ಮುಗಿದ ಮೇಲೆ ನನ್ನ ಬೆನ್ನಿಗೆ ಗುದ್ದಿ ಗುದ್ದಿ ಕುಣಿದಿದ್ದಳು.

ರೆಕಾರ್ಡ್ ಆದ ಮೇಲೆ ಕ್ಯಾಸೆಟ್ಟಿನ ನೆತ್ತಿಯಲ್ಲಿರುವ ಪುಟ್ಟ ಪ್ಲಾಸ್ಟಿಕ್ ಚೂರನ್ನು ಮುರಿಯಬೇಕು. ಮುರಿದರೆ ಆ ಸೈಡಿನ ಮೇಲೆ ಮತ್ತೇನೂ ರೆಕಾರ್ಡ್ ಆಗುವುದಿಲ್ಲ. ಸೈಡಿಗೊಂದು ಚೂರು. ಮುರಿಯುವ ಕೆಲಸ ನನ್ನದು.

ಅವಳ ಬೆರಳು ಕ್ಯಾಸೆಟ್ಟಿನ ನೆತ್ತಿ ಸವರಿತು. ಒಂದು ಕಡೆ ತೂತು. ಇನ್ನೊಂದು ಕಡೆ ನುಣುಪು. ಬೇರೊಂದು ತೆಗೆದು ಸವರಿದಳು. ಅದೂ ಹಾಗೇ. ಮತ್ತೊಂದು.

"ಎಲ್ಲದರಲ್ಲೂ ನಿಮ್ಮ ಸೈಡ್ ಮಾತ್ರ ಮುರಿದಿದ್ದೀರಿ."

"ಮರೆತಿರಬೇಕು."

"ನಿಮ್ಮದು ಮರೆತಿಲ್ವಲ್ಲ."

ಅಪ್ಪನ ಹಾಡಿನ ಕ್ಯಾಸೆಟ್ ಹುಡುಕಿ, ಬಿ ಸೈಡ್ ಹಾಕಿದಳು. ಫುಟ್‌ಬಾಲ್ ಕಾಮೆಂಟರಿ. ಯಾವನೋ ಚೆಂಡು ತಗೊಂಡು ಓಡುತ್ತಿದ್ದ, ಜನ ಕಿರುಚುತ್ತಿದ್ದರು. ಆ ಮ್ಯಾಚಿನ ದಿನ ಮನೆಯಲ್ಲಿ ಖಾಲಿ ಕ್ಯಾಸೆಟ್ ಇರಲಿಲ್ಲ. ಅಂಗಡಿ ಎರಡು ಬೀದಿಯಾಚೆ. ಕೈಗೆ ಸಿಕ್ಕಿದ್ದನ್ನು ಹಾಕಿದ್ದೆ. ಆಗಲೂ ಏನೂ ಅನ್ನಿಸಿರಲಿಲ್ಲ.

"ಯಾರು ಗೆದ್ರು?" ಷಡ್ಡಕ ಬಾಗಿಲಿಂದ ಕೇಳಿದ.

"ಡ್ರಾ," ಅಂದೆ.

ಅವಳು ಟೇಪನ್ನು ಮುಂದಕ್ಕೆ ಓಡಿಸಿದಳು. ಕಾಮೆಂಟರಿ ಕತ್ತರಿ ಹಾಕಿದ ಹಾಗೆ ನಿಂತಿತು. ಹಾಡಿನ ಕೊನೆಯ ಅರ್ಧ ಸಾಲು ಬಂತು. ಆಮೇಲೆ ಟಕ್ ಎಂದು ಸ್ವಿಚ್ಚು, ಫ್ಯಾನ್ ತಿರುಗತೊಡಗಿದ ಸದ್ದು, ಅವಳ ದನಿ: "ಸಿಕ್ತು! ಸಿಕ್ತು ಕಣ್ರೀ!" ಅದರ ಮೇಲೆ ನನ್ನದು: "ಶ್! ಬಾಯ್ಮುಚ್ಚು, ಇನ್ನೂ ರೆಕಾರ್ಡ್ ಆಗ್ತಿದೆ."

ಸ್ಟಾಪ್ ಒತ್ತಿದಳು. ಷಡ್ಡಕ ಕೆಮ್ಮಿ, ವ್ಯಾನ್ ನೋಡಿ ಬರ್ತೀನಿ ಅಂತ ಹೊರಗೆ ಹೋದ.

"ಈ ಭಾನುವಾರದವರೆಗೂ ಇರು," ಅಂದೆ. "ಹೊಸ ಕ್ಯಾಸೆಟ್ ತರ್ತೀನಿ. ಎರಡೂ ಸೈಡ್ ನಿನಗೇ. ಈ ಸಲ ಕಾರ್ಡ್ ನಾನೇ ಬರೀತೀನಿ. ಹಾಡು ಬರೋವರೆಗೂ ಪ್ರತಿ ಭಾನುವಾರ ಒಟ್ಟಿಗೆ ಕಾಯೋಣ."

ನನ್ನ ದನಿ ರೇಡಿಯೊದಲ್ಲಿ ಹವಾಮಾನ ವರದಿ ಓದುವವರ ದನಿಯ ಹಾಗಿತ್ತು. ಜೋಮು ಈಗ ಮೊಣಕಾಲಿಗೆ ಏರಿತ್ತು.

ಅವಳು ಕ್ಯಾಸೆಟ್ಟನ್ನು ಹೊರತೆಗೆದು ನನ್ನ ಕಡೆಯ ರಾಶಿಗೆ ಇಟ್ಟಳು. ಅದರ ಮೇಲೆ ಪೆನ್ಸಿಲ್ ಇಟ್ಟಳು.

"ಇರಲ್ಲ," ಅಂದಳು.