ಪಾಡ್ಯದ ಬಾಡಿಗೆ

ಅರವತ್ತಮೂರನೇ ಇಸವಿಯ ದೀಪಾವಳಿ ಪಾಡ್ಯದ ಬೆಳಿಗ್ಗೆ ಹುಲಗಪ್ಪ ಧಾರವಾಡದ ಸಪ್ತಾಪುರದ ತನ್ನ ಕೋಣೆಗೆ ಬೀಗ ಹಾಕಿ ಹೊರಬಿದ್ದಾಗ ಅವನ ಮೈಮೇಲೆ ಇಸ್ತ್ರಿ ಮಾಡಿದ ಅಂಗಿ ಇತ್ತು, ಮನಸ್ಸಿನಲ್ಲಿ ಒಂದಿಷ್ಟು ಜಂಬವೂ ಇತ್ತು. ಜಂಬಕ್ಕೆ ಕಾರಣವಿತ್ತೆನ್ನಿ. ಶಿರಗುಪ್ಪಿಯ ದಾನವ್ವ, ಐವತ್ತು ಎಕರೆ ಎರೆಹೊಲದ ಒಡತಿ, ಊರಲ್ಲಿ ಹಿಟ್ಟಿನ ಗಿರಣಿ ಹಾಕಲು ಹೊರಟಿದ್ದಳು. ಅದಕ್ಕೆ ಬೇಕಾದ ಎಣ್ಣೆ ಎಂಜಿನ್ನನ್ನು ಬಾಡಿಗೆಗೆ ತರುವುದೋ, ಕೊಂಡೇಬಿಡುವುದೋ ಎಂದು ಅವನನ್ನು ಕರೆಸಿ ಕೇಳಿದ್ದಳು. ಅವನನ್ನು ಎಂದರೆ, ಅದೇ ಮನೆಯಲ್ಲಿ ಹದಿನೆಂಟು ವರ್ಷ ಆಳಾಗಿ ದುಡಿದು ಸತ್ತ ಹನುಮಪ್ಪನ ಮಗನನ್ನು. ಧಾರವಾಡದ ಕಾಲೇಜಿನಲ್ಲಿ ವಾಣಿಜ್ಯ ಕಲಿಸಲು ಸೇರಿ ಎರಡು ವರ್ಷವಾಗಿದ್ದರೂ ಆ ಮನೆಯ ಪಡಸಾಲೆಯಲ್ಲಿ ಚಾಪೆಯ ಮೇಲೆ ಹುಲಗಪ್ಪ ಕೂತದ್ದು ಅದೇ ಮೊದಲು.

ಹಾಗೆ ಕೂತದ್ದನ್ನು ದಾನವ್ವನ ಮೈದುನ ಚನ್ನಯ್ಯನಿಗೆ ನೋಡಲಾಗಲಿಲ್ಲ. ಇದರಲ್ಲಿ ಕೇಳುವುದೇನಿದೆ ಎಂದು ಅವನು ಅಂದೇ ಗುಡುಗಿದ್ದ. ಹಳೇ ಹುಬ್ಬಳ್ಳಿಯ ಗೌಸಮೊದ್ದೀನ ಎಂಜಿನ್ನಿಗೆ ನಾಲ್ಕು ಸಾವಿರದ ಎಂಟುನೂರು ಹೇಳಿದ್ದಾನೆ, ಆರು ವರ್ಷ ಓಡಿಸಿ ತಿರುಗಿ ಕೊಟ್ಟರೆ ಎಂಟುನೂರು ಕೊಡುತ್ತೇನೆಂದಿದ್ದಾನೆ. ಬಾಡಿಗೆಗಾದರೆ ವರ್ಷಕ್ಕೆ ಸಾವಿರ, ಆರು ವರ್ಷದ ಕರಾರು, ನಡುವೆ ಬಿಡುವಂತಿಲ್ಲ. ಒಂದು ಕಡೆ ನಾಲ್ಕು ಸಾವಿರ, ಇನ್ನೊಂದು ಕಡೆ ಆರು. ಸಣ್ಣ ಕೂಸಿಗೂ ತಿಳಿಯುವ ಲೆಕ್ಕಕ್ಕೆ ಆಳಿನ ಮಗನನ್ನು ಕರೆಸಬೇಕಿತ್ತೇ ಎಂಬುದು ಅವನ ಮಾತು.

ಹುಲಗಪ್ಪ ಸಿಟ್ಟಾಗದೆ ಒಂದು ಹಾಳೆಯಲ್ಲಿ ಪಟ್ಟಿ ಬರೆದು ದಾನವ್ವನಿಗೆ ಬಿಡಿಸಿ ಹೇಳಿದ್ದ. ಅವಳ ಹತ್ತಿ ಮಾರಿದ ಹಣ ಹುಬ್ಬಳ್ಳಿಯ ದಲ್ಲಾಳಿಯ ಅಡತಿ ಅಂಗಡಿಯಲ್ಲಿ ನೂರಕ್ಕೆ ಹನ್ನೆರಡರ ಬಡ್ಡಿಗೆ ಬೆಳೆಯುತ್ತಿತ್ತು. ಇವತ್ತು ಅಲ್ಲಿ ಎಂಟುನೂರ ತೊಂಬತ್ತಮೂರು ಇಟ್ಟರೆ ಬರುವ ವರ್ಷ ಸಾವಿರವಾಗುತ್ತದೆ. ಆದ್ದರಿಂದ ಬರುವ ವರ್ಷ ಕೊಡಬೇಕಾದ ಸಾವಿರಕ್ಕೆ ಇವತ್ತಿನ ಬೆಲೆ ಎಂಟುನೂರ ತೊಂಬತ್ತಮೂರೇ. ಅದರಾಚೆಯ ವರ್ಷದ್ದು ಏಳುನೂರ ತೊಂಬತ್ತೇಳು. ಹೀಗೆ ಇಳಿಯುತ್ತ ಆರನೆಯ ವರ್ಷದ್ದು ಬರೇ ಐದುನೂರ ಏಳು. ಆರನ್ನೂ ಕೂಡಿಸಿದರೆ ನಾಲ್ಕು ಸಾವಿರದ ನೂರ ಹನ್ನೆರಡು. ಕೊಳ್ಳುವ ಲೆಕ್ಕದಲ್ಲಿ, ಕೊನೆಗೆ ಬರುವ ಎಂಟುನೂರನ್ನೂ ಇವತ್ತಿನ ಬೆಲೆಗೆ ಇಳಿಸಿ ಕಳೆದರೆ, ನಾಲ್ಕು ಸಾವಿರದ ಮುನ್ನೂರ ತೊಂಬತ್ತನಾಲ್ಕು. ಬಾಡಿಗೆಯೇ ಇನ್ನೂರ ಎಂಬತ್ತೆರಡು ರೂಪಾಯಿ ಅಗ್ಗ. ದಾನವ್ವ ಎರಡೆರಡು ಸಲ ಕೇಳಿ, ಬೆರಳು ಮಡಿಚಿ ಎಣಿಸಿ, ಮೈದುನನ ಮುಖ ನೋಡದೆ ಬಾಡಿಗೆಗೇ ತರೋಣ ಎಂದುಬಿಟ್ಟಳು. ಪಾಡ್ಯದ ದಿನ ಹತ್ತೂವರೆಗೆ ಮುಹೂರ್ತ, ಗೌಸಮೊದ್ದೀನನ ಅಂಗಡಿಯಲ್ಲಿ ಕರಾರು. ನೀನೂ ಬಾ ಎಂದಿದ್ದಳು.

ಬಸ್ ಸ್ಟ್ಯಾಂಡಿಗೆ ಹೊರಟವನು ದಾರಿಯಲ್ಲಿ ಬಾಡಿಗೆ ಸೈಕಲ್ಲಿನ ಅಮೀನಸಾಬನ ಅಂಗಡಿ ಮುಂದೆ ನಿಂತ. ಅಮೀನಸಾಬ ಬಾಗಿಲಲ್ಲಿ ಕೂತು ನೋಟು ಎಣಿಸುತ್ತಿದ್ದ. ಹಬ್ಬದ ದಿನ ಯಾರಿಗೆ ಎಂದು ಹುಲಗಪ್ಪ ಸುಮ್ಮನೆ ಮಾತಿಗೆಂದು ಕೇಳಿದ. ಜಾಗದ ಮಾಲಕರಿಗೆ, ವರ್ಷದ ಬಾಡಿಗೆ ಎಂದ ಅಮೀನಸಾಬ. ಮುಗಿದ ವರ್ಷದ್ದೇ ಎಂದರೆ ಅವನಿಗೆ ನಗು ಬಂತು.

"ಮುಗದದ್ದು ಹೋದ ಪಾಡ್ಯಾದಾಗ ಕೊಟ್ಟೇನ್ರಿ ಮಾಸ್ತರ್ರ. ಇದು ಮುಂದಿಂದು. ಅಂಗಡಿ ಇರ್ಲಿ, ಎಂಜಿನ್ ಇರ್ಲಿ, ಪ್ಯಾಟ್ಯಾಗ ವರ್ಷದ ಬಾಡಗಿ ಅಂದ್ರ ಮೊದಲ ರೊಕ್ಕ, ಆಮ್ಯಾಲೆ ಕೀಲಿಕೈ."

ಹುಲಗಪ್ಪನಿಗೆ ತನ್ನ ಪಟ್ಟಿ ನೆನಪಾಯಿತು. ಮೊದಲ ಸಾವಿರ ಬರುವ ವರ್ಷದ್ದಲ್ಲ, ಇವತ್ತಿನದು. ಇವತ್ತಿನ ಸಾವಿರಕ್ಕೆ ಒಂದು ರೂಪಾಯಿಯೂ ಇಳಿಯುವುದಿಲ್ಲ. ಪಟ್ಟಿಯ ಕೆಳಗಿನ ಐದುನೂರ ಏಳು ಹೋಯಿತು, ತಲೆಯ ಮೇಲೆ ಇಡಿಯ ಸಾವಿರ ಬಂದು ಕೂತಿತು. ನಿಂತ ನಿಲುವಿನಲ್ಲೇ ಕೂಡಿಸಿದ: ನಾಲ್ಕು ಸಾವಿರದ ಆರುನೂರ ಐದು. ಕೊಳ್ಳುವುದೇ ಇನ್ನೂರ ಹನ್ನೊಂದು ರೂಪಾಯಿ ಅಗ್ಗ. ಅವನ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು.

ಬಸ್ ಸ್ಟ್ಯಾಂಡಿಗೆ ಹೋಗಿ ಬಸ್ಸು ನೋಡಿದರೆ ಬಾಗಿಲಲ್ಲೂ ಜನ ಜೋತಾಡುತ್ತಿದ್ದರು, ಮುಂದಿನದು ಯಾವಾಗಲೋ ಯಾರಿಗೂ ಗೊತ್ತಿಲ್ಲ. ತಿರುಗಿ ಓಡಿಬಂದು ಅಮೀನಸಾಬನಿಂದ ಸೈಕಲ್ ಇಸಿದುಕೊಂಡ. ಆಗ ಒಂಬತ್ತು ಗಂಟೆ. ಹನ್ನೆರಡು ಮೈಲಿಗಿಂತ ಹೆಚ್ಚು ದಾರಿ, ಸೈಕಲ್ಲಿನ ಬ್ರೇಕು ಹೆಸರಿಗೆ ಮಾತ್ರ. ಪಾಡ್ಯದ ಮುಹೂರ್ತದಲ್ಲಿ ಕೈ ಬದಲಾದ ಹಣವನ್ನು ಹುಬ್ಬಳ್ಳಿ ಪೇಟೆಯಲ್ಲಿ ಯಾರೂ ತಿರುಗಿ ಕೇಳುವುದಿಲ್ಲ, ಕೇಳಿದರೆ ಕೊಡುವುದೂ ಇಲ್ಲ. ಅದು ಅವನಿಗೂ ಗೊತ್ತಿತ್ತು.

ನವಲೂರು ದಾಟುವವರೆಗೆ ಮುಟ್ಟಬೇಕೆಂಬ ಧಾವಂತ ಒಂದೇ ಇತ್ತು. ಆಮೇಲೆ ಇನ್ನೊಂದು ಬಂತು. ಮುಟ್ಟಿ ಹೇಳುವುದೇನು? ಚನ್ನಯ್ಯ ಹೇಳಿದ್ದೇ ಸರಿ ಎಂದು ಹೇಳಬೇಕು. ಲೆಕ್ಕದ ತಲೆಬುಡ ತಿಳಿಯದೆ ಅವನು ಹೇಳಿದ್ದು ಸರಿಯಾಯಿತು, ಎಲ್ಲ ತಿಳಿದು ತಾನು ಹೇಳಿದ್ದು ತಪ್ಪಾಯಿತು. ಇಷ್ಟು ಸಾಕು ಚನ್ನಯ್ಯನಿಗೆ. ನಾಳೆ ತಮ್ಮ ಓಣಿಯ ಇನ್ನೊಬ್ಬ ಹುಡುಗ ಕಲಿತು ಬಂದು ಏನಾದರೂ ಹೇಳಿದರೆ, ಹುಲಗಪ್ಪನ ಲೆಕ್ಕ ನೋಡಿದ್ದೇವಲ್ಲ ಎಂದು ಊರೆಲ್ಲ ನಗುತ್ತದೆ. ಸುಮ್ಮನಿದ್ದರೆ? ದಾನವ್ವನಿಗೆ ಈ ಜನ್ಮದಲ್ಲಿ ಗೊತ್ತಾಗುವುದಿಲ್ಲ. ಪ್ರತಿ ಪಾಡ್ಯಕ್ಕೂ ಸಾವಿರ ಕೊಡುತ್ತಾಳೆ, ಮಾಸ್ತರನನ್ನು ನೆನೆಯುತ್ತಾಳೆ. ಉಣಕಲ್ಲಿನ ಹತ್ತಿರ ಅವನ ಕಾಲು ತಾನಾಗಿಯೇ ನಿಧಾನವಾಯಿತು. ನಿಮ್ಮಿಂದ ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ, ಆ ಹೊತ್ತಿನಲ್ಲಿ ಅವನಿಗೆ ತಡವಾಗಿ ಮುಟ್ಟುವ ಆಸೆಯೇ ಆಗಿತ್ತು. ಆಮೇಲೆ ತನ್ನ ಬಗ್ಗೆ ತನಗೇ ಹೇಸಿಕೆ ಬಂದು, ಸೀಟು ಬಿಟ್ಟು ಎದ್ದು ತುಳಿದ.

ಹಳೇ ಹುಬ್ಬಳ್ಳಿಯ ಓಣಿಯಲ್ಲಿ ಸೈಕಲ್ ಕೆಡವಿ ಅಂಗಡಿಯೊಳಗೆ ನುಗ್ಗಿದಾಗ ಗೋಡೆಯ ಗಡಿಯಾರದಲ್ಲಿ ಹತ್ತು ಇಪ್ಪತ್ತು. ಎಂಜಿನ್ನಿಗೆ ಕುಂಕುಮ ಹಚ್ಚಿ ಹೂ ಏರಿಸಿಯಾಗಿತ್ತು. ಗೌಸಮೊದ್ದೀನ ಮುದ್ರೆಕಾಗದ ಹರವಿಕೊಂಡಿದ್ದ. ದಾನವ್ವನ ಕೈಯಲ್ಲಿ ಎಲೆ ಅಡಿಕೆ, ಅದರ ಮೇಲೆ ನೋಟಿನ ಕಟ್ಟು. ಹುಲಗಪ್ಪ ಗೋಡೆ ಹಿಡಿದುಕೊಂಡು ಉಸಿರು ತಿರುಗಿಸಿಕೊಂಡ.

"ಅವ್ವಾರ, ಕೊಡಬ್ಯಾಡ್ರಿ. ನನ್ನ ಲೆಕ್ಕ ತಪ್ಪೈತಿ."

ಚನ್ನಯ್ಯ ಕಾದಿದ್ದವನಂತೆ ಎದ್ದ. ಅಂದು ಹೇಳಿದ್ದನ್ನೆಲ್ಲ ಮತ್ತೆ ಹೇಳಿದ, ಹೇಳದೆ ಉಳಿಸಿಕೊಂಡಿದ್ದನ್ನೂ ಹೇಳಿದ. ದನ ಕಾಯುವವನ ಮಗನಿಗೆ ಸಾವಿರದ ಮಾತು ಯಾಕೆ ಬೇಕಿತ್ತು ಎಂದ. ಹುಲಗಪ್ಪ ತಲೆ ತಗ್ಗಿಸಿ ನಿಂತ. ಕಿವಿಗಳು ಕಾದ ಹಂಚಾಗಿದ್ದವು. ಗೌಸಮೊದ್ದೀನ ಒಳ್ಳೆಯವನು. ಮುಹೂರ್ತ ಇನ್ನೂ ಮೀರಿಲ್ಲ, ಕೊಳ್ಳುವುದಾದರೂ ತನಗೆ ಅಡ್ಡಿಯಿಲ್ಲ, ಮಾಸ್ತರ ನೋಡಿ ಹೇಳಲಿ ಎಂದು ಪೆನ್ಸಿಲನ್ನು ಮುಂದೆ ಸರಿಸಿದ.

ದಾನವ್ವ ಹಣವನ್ನು ಸೆರಗಿನೊಳಗೆ ಇಟ್ಟುಕೊಂಡು ತೋರಿಸು ಎಂದಳು. ಅವನು ಜೇಬಿನಿಂದ ಹಳೆಯ ಪಟ್ಟಿ ತೆಗೆದು ಕೆಳಗಿನ ಅಂಕಿ ಹೊಡೆದು ಹಾಕಿ, ಮೇಲೆ ಸಾವಿರ ಬರೆದು, ಕೂಡಿಸಿ ತೋರಿಸಿದ. ಅವಳು ಬೆರಳಿಟ್ಟು ಒಂದೊಂದೇ ಸಾಲು ಇಳಿದಳು. ಆಮೇಲೆ ಗೌಸಮೊದ್ದೀನನಿಗೆ, ಎಂಜಿನ್ ಕೊಳ್ಳುತ್ತೇನೆ, ಈ ಸಾವಿರ ಈಗ ಹಿಡಿ, ಉಳಿದದ್ದು ಅಡತಿ ಅಂಗಡಿಯಿಂದ ಸಂಜೆಯೊಳಗೆ ಬರುತ್ತದೆ ಎಂದಳು. ಗಡಿಯಾರ ಅರ್ಧ ಗಂಟೆ ಹೊಡೆಯಿತು. ಎಲೆ ಅಡಿಕೆ ಕೈ ಬದಲಾಯಿತು. ಇನ್ನೇನು ಮುಗಿಯಿತು ಎಂದುಕೊಂಡು ಹುಲಗಪ್ಪ ಚಪ್ಪಲಿಯತ್ತ ತಿರುಗಿದರೆ ಅವಳು ಬಿಡಲಿಲ್ಲ.

"ಕೂಡಿಸೂದ್ರಾಗ ತಪ್ಪೋ ಹುಡುಗ ಅಲ್ಲ ನೀ. ಬಾಡಗಿ ಯಾವಾಗ ಕೊಡೂದಂತ ಯಾಕ ಕೇಳಲಿಲ್ಲ?"

"ಕೇಳಬೇಕಂತ ಹೊಳೀಲೇ ಇಲ್ರಿ. ವರ್ಷದ ರೊಕ್ಕ ಅಂದ್ರ ವರ್ಷ ಮುಗದ ಮ್ಯಾಲೆ ಅಂತನ ತಿಳದಿದ್ದೆ. ನಮ್ಮ ಮನ್ಯಾಗ ಹಂಗ ನೋಡೇನಿ."

"ನಿಮ್ಮ ಮನ್ಯಾಗ?"

"ಅಪ್ಪಗ ಯುಗಾದಿಗೆ ಕೊಡತಿದ್ರಲ್ರಿ ನಿಮ್ಮ ಮನ್ಯಾಗ. ವರ್ಷ ಪೂರ್ತಿ ದುಡದ ಮ್ಯಾಲೆ."

ಅವನು ಚುಚ್ಚಲೆಂದು ಹೇಳಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದ, ಅಷ್ಟೇ. ಆದರೆ ದಾನವ್ವನ ಮುಖದ ಬಣ್ಣ ಇಳಿಯಿತು. ಅವಳು ಮತ್ತೆ ಪಟ್ಟಿಯ ಮೇಲೆ ಬಾಗಿ, ಎಂಟುನೂರ ತೊಂಬತ್ತಮೂರರ ಮೇಲೆ ಬೆರಳಿಟ್ಟಳು. ಬಿಡಿಸಿ ಹೇಳಿದವನಿಗಿಂತ ಆ ಲೆಕ್ಕವನ್ನು ಅವಳೇ ಚೆನ್ನಾಗಿ ಕಲಿತಿದ್ದಳು.

"ಎಂಜಿನ್ನಿಗೆ ಮೊದಲ ಕೊಡತೇವಿ. ಹನುಮಪ್ಪಗ ಕಡೀಕ ಕೊಟ್ವಿ. ಅಂವನ ರೊಕ್ಕ ಅಷ್ಟು ದಿನ ನಮ್ಮ ಹತ್ರ ಬೆಳೀತು, ಹೌದಿಲ್ಲೋ?"

ಹುಲಗಪ್ಪ ಇಷ್ಟು ವರ್ಷ ಈ ಲೆಕ್ಕ ಕಲಿತ, ಕಲಿಸಿದ, ಒಂದು ದಿನವೂ ಅಪ್ಪನ ನೆನಪು ಅದರ ಹತ್ತಿರ ಸುಳಿದಿರಲಿಲ್ಲ. ಸತ್ತವರ ಹಣ ಕೆದಕಬಾರದು ಎಂದು ಚನ್ನಯ್ಯ ಏನೋ ಶುರುಮಾಡಿದ. ದಾನವ್ವ ಕೈಯೆತ್ತಿ ಅವನನ್ನು ತಡೆದಳು.

"ಹದಿನೆಂಟು ವರ್ಷದ್ದು. ಇದರ ಪರಕಾರನ ಲೆಕ್ಕ ಹಾಕಿ ಹೇಳು."

"ಈ ಪಟ್ಟಿ ಅದಕ್ಕ ನಡೆಯೂದಿಲ್ರಿ ಅವ್ವಾರ. ಮುಂದ ಕೊಡೂದಕ್ಕ ಭಾಗಿಸಬೇಕು. ಹಿಂದ ಉಳದದ್ದಕ್ಕ ಬಡ್ಡಿ ಹಚ್ಚಿ ಗುಣಿಸಬೇಕಾಕ್ಕತಿ."

"ಹಂಗಾದ್ರ ಗುಣಸು," ಎಂದು ದಾನವ್ವ ಹಾಳೆಯನ್ನು ಮಗುಚಿ ಬರಿಯ ಮಗ್ಗುಲನ್ನು ಅವನ ಮುಂದಿಟ್ಟಳು.

ಹುಲಗಪ್ಪ ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡ. ಪೆನ್ಸಿಲ್ ಎತ್ತಿಕೊಂಡು ಹಾಳೆಯ ತುದಿಯಲ್ಲಿ ಮೊದಲು ಅಪ್ಪನ ಹೆಸರು ಬರೆದ.