ಹನ್ನೆರಡು ತುಂಡಿನ ಕಾಗದದ ಕೇಕು

ಬೇಕರಿಯವರು ನನ್ನ ಓರಗಿತ್ತಿ ಮಾಡಿದ ಮಾದರಿ ತುಂಡನ್ನು ಕೈಗೆತ್ತಿಕೊಂಡು ನಕ್ಕರು. ನನ್ನದನ್ನು ಎತ್ತಿಕೊಂಡಾಗ ನಗಲಿಲ್ಲ. "ತುಂಬಾ ನೀಟಾಗಿದೆ ಅಮ್ಮ" ಎಂದು ಮೆಲ್ಲಗೆ ಕೆಳಗಿಟ್ಟರು. ನನಗೆ ಅಲ್ಲಿಗೇ ತಿಳಿದುಹೋಯಿತು. ಬೇಡ ಎನ್ನಲು ಬಾಯಿ ಬಾರದ ಮರ್ಯಾದಸ್ಥರು ನೀಟಾಗಿದೆ ಎನ್ನುತ್ತಾರೆ.

ಅವರ ಬೇಕರಿಗೆ ಇಪ್ಪತ್ತೈದು ವರ್ಷ ತುಂಬುವುದಿತ್ತು. ಅಂಗಡಿಯ ಗಾಜಿನ ಕಿಟಕಿಯಲ್ಲಿ ಒಂದು ದೊಡ್ಡ ಕೇಕು ಇಡಬೇಕೆಂದು ಅವರಿಗೆ ಆಸೆ. ಆದರೆ ಆ ಕಿಟಕಿಗೆ ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳುತ್ತದೆ, ನಿಜವಾದ ಕೇಕಾದರೆ ಅದರ ಕ್ರೀಮು ಒಂದೇ ಗಂಟೆಯಲ್ಲಿ ಇಳಿದು ತಟ್ಟೆ ಸೇರುತ್ತದೆ. ಅದಕ್ಕೇ ಕಾಗದದ ಕೇಕು. ಒಂದೊಂದು ತುಂಡೂ ಒಂದೊಂದು ಪುಟ್ಟ ಡಬ್ಬಿ, ಹನ್ನೆರಡು ಡಬ್ಬಿ ಜೋಡಿಸಿದರೆ ದುಂಡನೆಯ ಕೇಕು. ಅದರ ಕೆಳಗೆ, ಮಾಡಿದವರ ಹೆಸರನ್ನು ಅಚ್ಚು ಹಾಕಿಸಿದ ಒಂದು ಚೀಟಿ.

ನನಗೆ ಬೇಕಾಗಿದ್ದದ್ದು ಆ ಚೀಟಿ. ನಲವತ್ಮೂರನೆಯ ವಯಸ್ಸಿನಲ್ಲಿ, ಕೆಲಸ ಮುಗಿಸಿಕೊಂಡು ಸಂಜೆ ಶಾಲೆಗೆ ಹೋಗಿ ಅಕ್ಷರ ಕಲಿತವಳು ನಾನು. ಮತದಾರರ ಪಟ್ಟಿಯೊಂದನ್ನು ಬಿಟ್ಟರೆ ನನ್ನ ಹೆಸರು ಅಚ್ಚಾಗಿದ್ದನ್ನು ನಾನು ಎಲ್ಲಿಯೂ ಕಂಡಿಲ್ಲ. ಅದರಲ್ಲೂ ತಪ್ಪಾಗಿ ಅಚ್ಚಾಗಿತ್ತು.

ಇನ್ನೊಂದು ತುಂಡು ಮಾಡಿ ತಂದವಳು ನನ್ನ ಓರಗಿತ್ತಿ, ಮೈದುನನ ಹೆಂಡತಿ. ಬಾಯಿ ಸುಮ್ಮನಿರದು ಎಂದು ಮನೆಯವರೆಲ್ಲ ಅವಳನ್ನು ಗಿಲಕಿ ಎಂದೇ ಕರೆಯುವುದು. ಪಕ್ಕದ ಮನೆಯಲ್ಲೇ ಇದ್ದಾಳೆ. ಮೂವತ್ತು ವರ್ಷ ಹೊಲಿಗೆ ಅಂಗಡಿ ನಡೆಸಿ, ಮಂಡಿನೋವಿಗೆ ಅದನ್ನು ಮುಚ್ಚಿ, ಎರಡು ವರ್ಷದ ಕೆಳಗೆ "ಸುಮ್ಮನೆ ನೋಡ್ತೀನಿ ಅಕ್ಕ" ಎನ್ನುತ್ತ ನಾನು ಕಾರ್ಡು, ಕಾಗದದ ಡಬ್ಬಿ ಮಾಡುವ ಕೋಣೆಗೆ ಬಂದವಳು. ಕಾಗದ ಕತ್ತರಿಸುವ ಅಚ್ಚು, ಡೈ, ಎಂದರೇನು, ಅದರ ಹರಿತವಾದ ಅಂಚು ಯಾವ ಕಡೆ ಇರಬೇಕು, ಕಪ್‌ಕೇಕಿನ ಮುದ್ರೆಗೆ ಶಾಯಿಯನ್ನು ಒತ್ತದೆ ತಟ್ಟಬೇಕು, ಲಟ್ಟಣಿಗೆಯ ಚಿತ್ರ ಒತ್ತಿದ ಮೇಲೆ ಮುದ್ರೆಯನ್ನು ಅಲುಗಿಸದೆ ಮೇಲಕ್ಕೆತ್ತಬೇಕು, ಎಲ್ಲವನ್ನೂ ಕೈಹಿಡಿದು ಕಲಿಸಿದವಳು ನಾನೇ.

ಅವಳ ತುಂಡಿಗೂ ನನ್ನದೇ ಡೈ, ನನ್ನದೇ ಕಂದು ಬಣ್ಣದ ದಪ್ಪ ಹಾಳೆ, ನನ್ನದೇ ಹಣ್ಣಿನ ಮುದ್ರೆ. ಅವಳು ಮಾಡಿದ್ದು ಇಷ್ಟೇ: ಹೂವಿನ ಡೈಯ ಅಂಚನ್ನು ಮೂರು ಸಲ ಒತ್ತಿ, ತುಂಡಿನ ಹೊರಮೂಲೆಯನ್ನು ಕಚ್ಚಿದ ಹಾಗೆ ಕತ್ತರಿಸಿದ್ದಳು. ಒಳಗೆ ಬಿಳಿಯ ತೆಳುಕಾಗದವನ್ನು ಮುದುಡಿ ತುರುಕಿದ್ದಳು. ಕೆಳಗೆ ನಾಲ್ಕು ಚೂರು ಉದುರಿಸಿ ಅಂಟಿಸಿದ್ದಳು. ಯಾರೋ ತಡೆಯಲಾರದೆ ಬಾಯಿ ಹಾಕಿ ಓಡಿಹೋದ ಹಾಗಿತ್ತು.

"ಇದನ್ನ ಯಾರಮ್ಮ ಕಚ್ಚಿದ್ದು?" ಎಂದರು ಬೇಕರಿಯವರು.

"ನಮ್ಮಕ್ಕ," ಎಂದಳು ಗಿಲಕಿ. "ಬೇಡ ಬೇಡ ಅಂದೆ. ಕೇಳಲಿಲ್ಲ. ವಯಸ್ಸಾದ ಮೇಲೆ ಬಾಯಿಚಪಲ."

ಬ್ರೆಡ್ಡು ಕೊಳ್ಳಲು ನಿಂತವರೂ ನಕ್ಕರು. ನಾನೂ ಹಲ್ಲು ತೋರಿಸಿದೆ. ಕೇಕು ಮಾಡುವ ಕೆಲಸವನ್ನು ಬೇಕರಿಯವರು ಅವಳಿಗೇ ಒಪ್ಪಿಸಿದರು.

ಮನೆಗೆ ಬಂದು ಎರಡು ತುಂಡನ್ನೂ ನಮ್ಮ ಯಜಮಾನರ ಮುಂದಿಟ್ಟೆ. "ಯಾವುದು ಚೆನ್ನಾಗಿದೆ? ದಾಕ್ಷಿಣ್ಯ ಬೇಡ, ನಿಜ ಹೇಳಿ."

ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ನಿನ್ನದು ನೋಡಿದ್ರೆ ಕೈಕಟ್ಟಿ ನಿಂತ್ಕೋಬೇಕು ಅನ್ಸುತ್ತೆ ಕಣೇ. ಅವಳದ್ದು ನೋಡಿದ್ರೆ ಹಸಿವಾಗುತ್ತೆ."

"ಹಾಗಾದ್ರೆ ಊಟಕ್ಕೂ ಅವಳ ಮನೆಗೇ ಹೋಗಿ," ಎಂದೆ.

ಮಾರನೆಯ ದಿನ ಊಟವಾಗುತ್ತಲೇ ಗಿಲಕಿ ಬಂದಳು. ಡೈ ಒತ್ತಿ ಕಾಗದ ಕತ್ತರಿಸುವ ಮಷೀನು ಅವಳ ಹತ್ತಿರ ಇಲ್ಲ. "ಅಕ್ಕ, ಹತ್ತು ದಿನ ನಿಮ್ಮ ಮಷೀನು ನಂದು. ನೀವು ಆರಾಮಾಗಿ ಕೂತ್ಕೊಂಡು ನನ್ನ ಬೈತಾ ಇರಿ, ಸಾಕು." ಇಲ್ಲ ಎನ್ನಲು ನನ್ನ ಹತ್ತಿರ ಕಾರಣವಿರಲಿಲ್ಲ. ಇದ್ದ ಒಂದೇ ಕಾರಣವನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ.

ಅಡುಗೆಮನೆಯ ಹಿಂದಿನ ಆ ಕೋಣೆಯಲ್ಲಿ ನನ್ನ ಕುರ್ಚಿಯಲ್ಲಿ ಅವಳು, ಎದುರಿನ ಸ್ಟೂಲಿನ ಮೇಲೆ ನಾನು. ಅವಳು ಮಷೀನಿನೊಳಗೆ ತೂರಿಸುವ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಹಾಳೆ ಇಟ್ಟಳು, ಹಾಳೆಯ ಮೇಲೆ ಡೈ ಇಟ್ಟಳು. ಅದರ ಮೇಲೆ ಇನ್ನೊಂದು ಪಟ್ಟಿ ಮುಚ್ಚುವ ಮುನ್ನ ತಡೆದು, ಹಾಳೆಯನ್ನು ಬೆಳಕಿಗೆ ಹಿಡಿದಳು.

"ಅಕ್ಕ, ಬಟ್ಟೆಗೆ ಹಾಸು ಹೊಕ್ಕು ಅಂತ ಇರುತ್ತಲ್ಲ, ಅಡ್ಡ ಕತ್ತರಿಸಿದ್ರೆ ಲಂಗ ಜೋತುಬೀಳುತ್ತೆ. ಕಾಗದಕ್ಕೂ ಹಾಗೆ ಎಳೆ ಏನಾದ್ರೂ ಇರುತ್ತಾ?"

ಇರುತ್ತದೆ. ಕಾಗದಕ್ಕೂ ಎಳೆ ಇರುತ್ತದೆ. ಎಳೆಯ ಗುಂಟ ಮಡಿಸಿದರೆ ಮಡಿಕೆ ಸಲೀಸಾಗಿ ಕೂರುತ್ತದೆ, ಅಡ್ಡ ಮಡಿಸಿದರೆ ಸಿಡುಕುತ್ತದೆ. ತೇವ ತಾಗಿತೆಂದರೆ ಹಾಳೆ ಎಳೆಗೆ ಅಡ್ಡವಾಗಿಯೇ ಹಿಗ್ಗುತ್ತದೆ. ಒಂದೇ ಡಬ್ಬಿಯ ಸಾಲಿನಲ್ಲಿ ಕೆಲವು ಉದ್ದ, ಕೆಲವು ಅಡ್ಡ ಕತ್ತರಿಸಿದರೆ ಒಂದೊಂದೂ ಒಂದೊಂದು ಕಡೆ ಸೊಟ್ಟಗಾಗುತ್ತದೆ. ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮಷೀನಿನ ಜೊತೆ ಬಂದ ಸಣ್ಣಕ್ಷರದ ಪುಸ್ತಿಕೆಯನ್ನು ಬೆರಳಿಟ್ಟುಕೊಂಡು ಒಂದೊಂದೇ ಪದ ಓದಿ, ಅರ್ಥವಾಗದೆ ನಲವತ್ತು ಕಾರ್ಡು ಕೆಡಿಸಿ, ಒಂದಿಡೀ ಮಳೆಗಾಲ ಕಳೆದು ನಾನೇ ಕಂಡುಕೊಂಡದ್ದು. ಇವಳಿಗೆ ಕುರ್ಚಿಯಲ್ಲಿ ಕೂತು ಒಂದೇ ನಿಮಿಷದಲ್ಲಿ ಹೊಳೆದುಬಿಟ್ಟಿತ್ತು.

"ಕಾಗದಕ್ಕೆಂಥ ಎಳೆ?" ಎಂದೆ. "ಅದೇನು ನೇಯ್ದದ್ದಾ? ಕಾಗದ ಕಾಗದವೇ."

"ಅದೂ ಸರಿ ಅನ್ನಿ," ಎಂದು ಅವಳು ಪಟ್ಟಿ ಮುಚ್ಚಿ ಹಿಡಿಕೆ ತಿರುಗಿಸಿದಳು. ಮಷೀನು ಕಟಕಟ ಎಂದಿತು.

ಹೊಲಿಗೆಯವಳಲ್ಲವೇ, ಚೂರೂ ದಂಡವಾಗಬಾರದು. ಒಂದು ಹಾಳೆಯಲ್ಲಿ ಒಂದು ತುಂಡನ್ನು ಉದ್ದಕ್ಕೆ, ಮಿಕ್ಕ ಜಾಗದಲ್ಲಿ ಇನ್ನೊಂದನ್ನು ಅಡ್ಡಕ್ಕೆ ಕೂರಿಸಿದಳು. ಹೀಗೆ ಆರು ಹಾಳೆಯಲ್ಲಿ ಹನ್ನೆರಡು ತುಂಡು. "ನೋಡಿ ಅಕ್ಕ, ಹೇಗೆ ಹೊಂದಿಸಿದೆ!" ಎಂದು ಉಳಿದ ಸಣ್ಣ ಚೂರನ್ನು ತೋರಿಸಿ ಹೆಮ್ಮೆಪಟ್ಟಳು. ನಾನು ಭೇಷ್ ಎಂದೆ.

ಆ ಹತ್ತು ದಿನ ಬೇರೆಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿಕೊಟ್ಟೆ. ಅಂಟು ಒಸರದ ಹಾಗೆ ಕಡ್ಡಿಯಲ್ಲಿ ಹಚ್ಚುವುದು, ಸ್ಪಂಜಿನಲ್ಲಿ ಅಂಚಿಗೆ ಕಂದು ಶಾಯಿ ಒರೆಸಿ ಒಲೆಯಲ್ಲಿ ಬೆಂದ ಬಣ್ಣ ಬರಿಸುವುದು, ಎಲ್ಲ. ಕೇಳದಿದ್ದದ್ದನ್ನೂ ಹೇಳಿದೆ. ಒಂದು ಸುಳ್ಳಿನ ಮೇಲೆ ಎಷ್ಟು ಸತ್ಯ ಹೇರಿದರೆ ಅದು ಕಾಣದೆ ಹೋಗುತ್ತದೋ ಅಷ್ಟನ್ನೂ ಹೇರಿದೆ.

ಅವಳು ಮೈದುನನಿಗೆ ಫೋನಿನಲ್ಲಿ, "ಅಕ್ಕ ಇಲ್ಲದಿದ್ರೆ ನನ್ನ ಕೈಲಿ ಆಗ್ತಾನೇ ಇರಲಿಲ್ಲ ರೀ" ಎನ್ನುವುದು ಕೇಳಿಸಿತು. ನಾನು ಡೈ ಡಬ್ಬಿಗಳನ್ನು ಸುಮ್ಮಸುಮ್ಮನೆ ಒರೆಸುತ್ತ ಕೂತೆ.

ಕೇಕು ಕಿಟಕಿಗೆ ಹೋಯಿತು. ಹನ್ನೆರಡು ತುಂಡೂ ಕೂದಲು ತೂರದ ಹಾಗೆ ಕೂತವು. ಕಚ್ಚಿದ ತುಂಡು ಬೀದಿಯ ಕಡೆಗೆ. ದಾರಿಯಲ್ಲಿ ಹೋಗುವವರು ನಿಂತು, ಗಾಜಿಗೆ ಮೂಗು ಒತ್ತಿ ನೋಡಿ ನಗುತ್ತಿದ್ದರು. ಮೊದಲ ದಿನ ಏನೂ ಆಗಲಿಲ್ಲ. ಎರಡನೆಯ ದಿನವೂ ಆಗಲಿಲ್ಲ. ತರಕಾರಿ ತರುವ ನೆಪದಲ್ಲಿ ನಾಲ್ಕು ಸಲ ಆ ಬೀದಿಯಲ್ಲಿ ಓಡಾಡಿದೆ. ಕೇಕು ನೆಟ್ಟಗಿದ್ದದ್ದು ಕಂಡು ನನಗೆ ಸಮಾಧಾನವಾಗಬೇಕಿತ್ತು. ನಿರಾಸೆಯಾಯಿತು. ನಾಚಿಕೆಯ ಮಾತು, ಆದರೂ ಬರೆಯುತ್ತಿದ್ದೇನೆ.

ಆ ಕಿಟಕಿಯ ಹಿಂದೆಯೇ ಬೇಕರಿಯ ಒಲೆ. ಬಾಗಿಲು ತೆಗೆದಾಗಲೆಲ್ಲ ಬಿಸಿ ಹಬೆ ಬಂದು ಗಾಜು ಮಂಜಾಗುತ್ತದೆ. ನಾಲ್ಕನೆಯ ದಿನ, ಸಮಾರಂಭಕ್ಕೆ ಒಂದೇ ದಿನ ಇದೆ ಎನ್ನುವಾಗ, ಬೇಕರಿಯವರ ಫೋನು ಬಂತು. ಇಬ್ಬರೂ ಹೋದೆವು.

ಆರು ತುಂಡುಗಳ ಪಕ್ಕ ಹೊಟ್ಟೆ ಬಿಟ್ಟುಕೊಂಡಿತ್ತು. ಅವು ಅಕ್ಕಪಕ್ಕದವನ್ನು ನೂಕಿ, ದುಂಡು ಬಿರಿದು, ಒಂದು ತುಂಡು ಪೀಠದಿಂದ ಅರ್ಧ ಹೊರಕ್ಕೆ ಜಾರಿ ನಿಂತಿತ್ತು. ಗಿಲಕಿ ಎರಡೂ ಅಂಗೈಯಲ್ಲಿ ಒತ್ತಿ ಒಳಕ್ಕೆ ಸೇರಿಸಲು ನೋಡಿದಳು. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುತ್ತಿತ್ತು. ಅವಳ ಕಿವಿಗಳು ಕೆಂಪಾಗಿದ್ದವು.

"ನಾಳೆ ಬೆಳಿಗ್ಗೆ ಜನ ಬರ್ತಾರೆ," ಎಂದರು ಬೇಕರಿಯವರು. ಗದರಲಿಲ್ಲ. ನನ್ನ ಕಡೆ ತಿರುಗಿದರು. "ಅಮ್ಮ, ನಿಮ್ಮ ಕೆಲಸ ಅಚ್ಚುಕಟ್ಟು. ಸಂಜೆಯೊಳಗೆ ನೀವೇ ಒಂದು ಮಾಡಿಕೊಡೋಕೆ ಆಗುತ್ತಾ? ಚೀಟಿಗೂ ನಿಮ್ಮ ಹೆಸರೇ ಹಾಕಿಸ್ತೀನಿ."

ನಾನು ಬಯಸಿದ್ದೆಲ್ಲ ಒಂದೇ ಮಾತಿನಲ್ಲಿ ಬಂದು ಮಡಿಲಿಗೆ ಬಿತ್ತು.

"ಅಕ್ಕನೇ ಮಾಡ್ಲಿ," ಎಂದಳು ಗಿಲಕಿ, ಕೇಕಿನಿಂದ ಕೈ ತೆಗೆಯದೆ. "ಹೊಲಿಯೋಳು ಹೊಲ್ಕೊಂಡಿರ್ಬೇಕು. ಇವರು ಇಷ್ಟೆಲ್ಲಾ ಹೇಳಿಕೊಟ್ರೂ ಕೆಡಿಸಿದೆ ನೋಡಿ. ಇನ್ನು ಆ ಮಷೀನು ಮುಟ್ಟಲ್ಲ ನಾನು."

ನಾನು ಆಗಲಿ ಎಂದಿದ್ದರೆ ಆಗಿಹೋಗುತ್ತಿತ್ತು. ಬಾಯಿ ತೆರೆದೆ ಕೂಡ. ಆದರೆ "ಹೇಳಿಕೊಟ್ರೂ" ಎಂದ ಅವಳ ಮಾತು ನನ್ನನ್ನು ಬಿಡಲಿಲ್ಲ. ಜಾರಿದ್ದ ತುಂಡನ್ನು ಎತ್ತಿಕೊಂಡು ಅದರ ತಳವನ್ನು ಬಿಡಿಸಿ, ಒಂದು ಸಲ ಉದ್ದಕ್ಕೆ ಹರಿದೆ. ಗೆರೆ ಎಳೆದ ಹಾಗೆ ನೆಟ್ಟಗೆ ಹರಿಯಿತು. ಅಡ್ಡಕ್ಕೆ ಹರಿದೆ. ಇಲಿ ಕಡಿದ ಹಾಗೆ ಹರಿಯಿತು.

"ಇದೇ ಎಳೆ," ಎಂದೆ. "ಕಾಗದಕ್ಕೂ ಇರುತ್ತೆ. ನೀನು ಕೇಳಿದ್ದು ಸರಿ ಇತ್ತು."

ಅವಳು ಎರಡೂ ಚೂರುಗಳನ್ನು ತೆಗೆದುಕೊಂಡು, ಬಟ್ಟೆ ನೋಡುವವರ ಹಾಗೆ ಹೆಬ್ಬೆರಳಲ್ಲಿ ಉಜ್ಜಿ ನೋಡಿದಳು.

"ಈಗ ಗೊತ್ತಾಯ್ತಾ ಅಕ್ಕ ನಿಮಗೆ?"

"ಆವತ್ತೇ ಗೊತ್ತಿತ್ತು."

"ನಾನು ಕೇಳ್ದಾಗ?"

"ನೀನು ಕೇಳೋಕೆ ಹತ್ತು ವರ್ಷ ಮುಂಚೆ."

ಬೇಕರಿಯವರು ಇದ್ದಕ್ಕಿದ್ದಂತೆ ಒಲೆಯ ನೆನಪಾಗಿ ಒಳಗೆ ಹೋದರು.

"ಮತ್ತೆ ಯಾಕೆ?" ಎಂದಳು.

"ಕಚ್ಚೋದು ನನಗೆ ಹೊಳೀಲಿಲ್ವಲ್ಲ," ಎಂದೆ. "ಹತ್ತು ವರ್ಷದಿಂದ ಕೇಕು ಮಾಡ್ತಿದ್ದೀನಿ. ಒಂದನ್ನೂ ಕಚ್ಚಬೇಕು ಅಂತ ನನಗೆ ಹೊಳೀಲಿಲ್ಲ. ನಿನಗೆ ಎರಡೇ ವರ್ಷಕ್ಕೆ ಹೊಳೀತು."

ಗಿಲಕಿ ಚೂರುಗಳನ್ನು ಕೈಚೀಲಕ್ಕೆ ಹಾಕಿಕೊಂಡು ಹೊರಟಳು. ಮಂಡಿನೋವಿದ್ದರೂ ನನಗಿಂತ ಇಪ್ಪತ್ತು ಹೆಜ್ಜೆ ಮುಂದೆಯೇ ನಡೆದಳು. ಅವಳ ಮನೆಯ ಬಾಗಿಲು ದಾಟಿ ನಮ್ಮ ಮನೆಯ ಬಾಗಿಲಲ್ಲಿ ನಿಂತಳು.

"ಹಾಳೆ ಎಷ್ಟಿದೆ?"

"ಏಳಿದೆ."

"ಆರು ಸಾಕು. ಸೊಟ್ಟ ಆಗಿರೋವು ಆರೇ. ನೀವು ಹಿಡಿಕೆ ತಿರುಗಿಸಿ. ಎಳೆ ನಾನು ನೋಡ್ಕೋತೀನಿ."

ಹಾಗೇ ಮಾಡಿದೆವು. ಪ್ರತಿ ಹಾಳೆಯ ಮೂಲೆಯನ್ನೂ ಅವಳೇ ಹರಿದು ನೋಡಿ, ಡೈ ಕೂರಿಸಿ ನನ್ನ ಕಡೆ ತಳ್ಳುವಳು. ನಾನು ತಿರುಗಿಸುವೆ. ಮಡಿಸುವುದು ಅವಳು, ಅಂಟಿಸುವುದು ನಾನು. ಹಿಡಿಕೆಯ ಸದ್ದು ಬಿಟ್ಟರೆ ಕೋಣೆಯಲ್ಲಿ ಬೇರೆ ಸದ್ದಿಲ್ಲ. ಇಬ್ಬರೂ ಒಳಗೆ ಇದ್ದೇವೋ ಇಲ್ಲವೋ ಎಂದು ಯಜಮಾನರು ಎರಡು ಸಲ ಇಣುಕಿ ಹೋದರು. ದೀಪ ಹಾಕುವ ಮೊದಲೇ ಆರೂ ಮುಗಿದವು. ಅಷ್ಟು ಹೊತ್ತಿನಲ್ಲಿ ಅವಳು ನನ್ನನ್ನು ಒಂದು ಸಲವೂ ಅಕ್ಕ ಎನ್ನಲಿಲ್ಲ.

ಮಾರನೆಯ ದಿನ ಬೇಕರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೇಕು ನೆಟ್ಟಗೆ ಕೂತಿತ್ತು. ಒಂದು ಪುಟ್ಟ ಹುಡುಗಿ ಕಚ್ಚಿದ ಜಾಗದಲ್ಲಿ ಬೆರಳಿಟ್ಟು, "ಇದನ್ನ ತಿಂದೋರಿಗೆ ಬೈದ್ರಾ?" ಎಂದು ಅವಳಮ್ಮನನ್ನು ಕೇಳುತ್ತಿದ್ದಳು. ಬೇಕರಿಯವರು ನನ್ನನ್ನು ಪಕ್ಕಕ್ಕೆ ಕರೆದು, ಚೀಟಿಯಲ್ಲಿ ನಿಮ್ಮ ಹೆಸರನ್ನೂ ಕೈಯಲ್ಲಿ ಬರೆದು ಸೇರಿಸಲೇ ಎಂದರು. ಬೇಡ ಎಂದೆ. ಒಳ್ಳೆಯತನದಿಂದಲ್ಲ. ಅವಳದು ಅಚ್ಚಿನಲ್ಲಿ, ನನ್ನದು ಪೆನ್ನಿನಲ್ಲಿ, ಅದನ್ನು ನೋಡಿಕೊಂಡು ನಿಲ್ಲಲು ನನ್ನಿಂದ ಆಗುತ್ತಿರಲಿಲ್ಲ. ಚೀಟಿಯ ಮೇಲಿನ ಅವಳ ಹೆಸರನ್ನು ಮೂರು ಸಲ ಓದಿದೆ. ಒಂದಕ್ಷರವೂ ತಪ್ಪಿರಲಿಲ್ಲ.

ಎಂಟು ದಿನ ಅವಳು ಈ ಕಡೆ ತಲೆ ಹಾಕಲಿಲ್ಲ. ಒಂಬತ್ತನೆಯ ದಿನ ಮಧ್ಯಾಹ್ನ ಬಂದು, ಬೇಕರಿಯವರು ಬ್ರೆಡ್ಡಿನ ಆಕಾರದ ಐವತ್ತು ಕಾರ್ಡು ಕೇಳಿದ್ದಾರೆ ಎಂದಳು. ಕುರ್ಚಿಯಲ್ಲಿ ಕೂರದೆ ಸ್ಟೂಲಿನ ಮೇಲೆ ಕೂತಳು.

"ಈ ಖಾಕಿ ಹಾಳೆ ಹಾಕು, ಇದರ ಎಳೆ ಉದ್ದಕ್ಕಿದೆ," ಎಂದೆ.

"ಹೌದಾ ಅಕ್ಕ," ಎಂದಳು. ಹಾಳೆಯನ್ನು ತೆಗೆದುಕೊಂಡು ಮೂಲೆಯನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಹರಿದು ನೋಡಿದಳು. ಆಮೇಲೆ ಪಟ್ಟಿಯ ಮೇಲಿಟ್ಟಳು.

ಈಗ ವಾರಕ್ಕೆ ಮೂರು ದಿನ ಬರುತ್ತಾಳೆ. ಬಾಯಿ ಮೊದಲಿನ ಹಾಗೇ ಓಡುತ್ತದೆ, ನನ್ನನ್ನು ಮೊದಲಿನ ಹಾಗೇ ಗೇಲಿ ಮಾಡುತ್ತಾಳೆ. ಅವಳಿಗೆ ಹೊಸದೇನಾದರೂ ಹೊಳೆದಾಗ ನನ್ನ ಹೊಟ್ಟೆ ಈಗಲೂ ಉರಿಯುತ್ತದೆ, ಮೊನ್ನೆ ಬಿಸ್ಕತ್ತಿನ ಮುದ್ರೆಗೆ ಇರುವೆ ಸಾಲು ಬಿಡಿಸಿದಾಗಲೂ ಉರಿಯಿತು. ಅದೊಂದು ಹಾಗಿರಲಿ. ಆದರೆ ಕಾಗದದ ವಿಷಯದಲ್ಲಿ ನಾನು ಏನು ಹೇಳಿದರೂ ಅವಳು ಹೂಂ ಎನ್ನುತ್ತಾಳೆ, ಮೂಲೆ ಹರಿದು ನೋಡುತ್ತಾಳೆ. ನಾನು ಹಿಡಿಕೆಯ ಮೇಲೆ ಕೈಯಿಟ್ಟುಕೊಂಡು ಕಾಯುತ್ತೇನೆ. ನನ್ನ ಪೆಟ್ಟಿಗೆಯಲ್ಲಿರುವ ಒಳ್ಳೆಯ ಹಾಳೆಗಳಲ್ಲಿ ಮೂಲೆ ಇರುವುದು ಈಗ ಒಂದೂ ಇಲ್ಲ.